ಮಾರ್ಕರ್ ಕಾಯುತ್ತಿದ್ದ ಹಸಿರು ಮೇಜು

ಸಂಜೆಯ ತ್ರಿಕಾಲ ಪ್ರಾರ್ಥನೆಗೆ ದೇವಾಲಯದ ಗಂಟೆ ಮೊಳಗಿದೊಡನೆ ಬೆಂಗಳೂರು ದಂಡು ಪ್ರದೇಶದ ಕಥೋಲಿಕ ಮನೆಗಳಲ್ಲಿ ದೀಪ ಹತ್ತುತ್ತಿದ್ದ ಕಾಲವೊಂದಿತ್ತು. ಅದೇ ಹೊತ್ತಿಗೆ ನಮ್ಮ ದೇವಾಲಯದಿಂದ ಎರಡು ಬೀದಿಗಳಾಚೆ, ಬೇಕರಿಯೊಂದರ ಮೇಲಣ ಮಹಡಿಯಲ್ಲಿ, ಬೇರೊಂದು ಬಗೆಯ ದೀಪಗಳೂ ಹತ್ತುತ್ತಿದ್ದವು. ಹಸಿರು ಬಟ್ಟೆ ಹೊದಿಸಿದ ಎರಡು ಬೃಹತ್ ಮೇಜುಗಳ ಮೇಲೆ ಇಳಿಬಿದ್ದಿದ್ದ ಆ ದೀಪಗಳ ಬೆಳಕಿನಲ್ಲಿ ನನ್ನ ಬಾಲ್ಯದ ಎಷ್ಟೋ ಸಂಜೆಗಳು ಕಳೆದಿವೆ. ಬಿಲಿಯರ್ಡ್ಸ್ ಸಲೂನ್ ಎಂದರೆ ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಆಗಲೂ ಇದ್ದರು, ಈಗಲೂ ಇದ್ದಾರೆ. ಅದಕ್ಕೆ ಕಾರಣವಿರಲಿಲ್ಲವೆಂದು ನಾನು ಹೇಳಲಾರೆ. ಆದರೂ ಆ ಕೋಣೆಯ ಋಣವೊಂದು ನಮ್ಮ ಮನೆಯ ಮೇಲಿದೆ.

ನಾನು ಅಲ್ಲಿಗೆ ಹೋಗುತ್ತಿದ್ದುದು ಆಡಲೆಂದಲ್ಲ. 1960ರ ದಶಕದ ಮಾತು. ನನಗಾಗ ಒಂಬತ್ತೋ ಹತ್ತೋ ವರ್ಷ. ರಾತ್ರಿ ಎಂಟಕ್ಕೆ ಮನೆಯಲ್ಲಿ ಜಪಸರದ ಪ್ರಾರ್ಥನೆ. ಅಷ್ಟರೊಳಗೆ ತಂದೆಯವರನ್ನು ಕರೆತರಬೇಕೆಂಬುದು ತಾಯಿಯ ಆಜ್ಞೆ. ತಂದೆಯವರು ಮುದ್ರಣಾಲಯವೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ದಿನವಿಡೀ ಸೀಸದ ಅಕ್ಷರಗಳನ್ನು ದಿಟ್ಟಿಸಿ ದಣಿದ ಕಣ್ಣಿಗೆ ಆ ಹಸಿರು ಬಟ್ಟೆ ತಂಪೆರೆಯುತ್ತದೆಂಬುದು ಅವರ ಸಮರ್ಥನೆ. ತಾಯಿ ಈ ಸಮರ್ಥನೆಯನ್ನು ನಂಬಿದ್ದಂತೆ ನನಗೆ ನೆನಪಿಲ್ಲ.

ಸಲೂನಿನ ಒಡೆಯರು ಬೇರೆ ಊರಿನಲ್ಲಿದ್ದರು. ತಿಂಗಳಿಗೊಮ್ಮೆ ಬಂದು ಲೆಕ್ಕ ನೋಡಿ ಹೋಗುವರು. ಕೋಣೆಯನ್ನು ನಿಜವಾಗಿ ಆಳುತ್ತಿದ್ದವರು ಮಾರ್ಕರ್. ಆಟದ ಪರಿಚಯವಿಲ್ಲದ ಓದುಗರಿಗಾಗಿ ಒಂದು ಮಾತು: ಆಟಗಾರರು ಗಳಿಸಿದ ಅಂಕಗಳನ್ನು ಕೂಗಿ ಹೇಳಿ ಗೋಡೆಯ ಹಲಗೆಯಲ್ಲಿ ಗುರುತಿಸುವವನು, ಮೂಲೆಯ ಜಾಲಿಗೆಗೆ ಬಿದ್ದ ಚೆಂಡನ್ನು ತೆಗೆದು ಮತ್ತೆ ಅದರ ಸ್ಥಾನದಲ್ಲಿಡುವವನು, ಮೇಜನ್ನೂ ಕೋಲುಗಳನ್ನೂ ಒಪ್ಪವಾಗಿಡುವವನು ಮಾರ್ಕರ್. ನಮ್ಮ ಮಾರ್ಕರ್ ಐವತ್ತರ ಆಸುಪಾಸಿನವರು, ಕೃಶಕಾಯರು, ಮನೆಮಾತು ತಮಿಳು. ಖಾಕಿ ಅಂಗಿಯ ಕೊರಳಿನಿಂದ ಕಾಣದಂತೆ ಇಳಿದಿದ್ದ ಉತ್ತರಿಕೆಯೊಂದೇ ಅವರು ನಮ್ಮ ಮತದವರೆಂಬುದಕ್ಕೆ ಸಾಕ್ಷಿ. ಭಾನುವಾರ ಸಲೂನಿನಲ್ಲಿ ಗಿರಾಕಿಗಳು ಹೆಚ್ಚು. ಆದ್ದರಿಂದ ಅವರು ನಸುಕಿನ ಮೊದಲ ಪೂಜೆಗೆ ಬಂದು, ಕೊನೆಯ ಸಾಲಿನಲ್ಲಿ ಮೊಣಕಾಲೂರಿ, ಯಾರ ಕಣ್ಣಿಗೂ ಬೀಳದೆ ಹೊರಟುಹೋಗುತ್ತಿದ್ದರು.

ಮೇಜನ್ನು ಅವರು ಸಜ್ಜುಗೊಳಿಸುವುದನ್ನು ನೋಡುವುದೇ ಒಂದು ಸೊಗಸು. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಆ ಮೇಜಿನ ಬಟ್ಟೆಯಡಿ ಇರುವುದು ಮರವಲ್ಲ, ಒಂದಕ್ಕೊಂದು ಕೂದಲೆಳೆಯ ಸಂದೂ ಇಲ್ಲದಂತೆ ಜೋಡಿಸಿದ ಸ್ಲೇಟು ಕಲ್ಲಿನ ಚಪ್ಪಡಿಗಳು. ಉಣ್ಣೆಯ ಬಟ್ಟೆಯ ನವಿರು ಒಂದೇ ದಿಕ್ಕಿಗೆ ಮಲಗಿರುತ್ತದೆ. ಬ್ರಷ್ಷನ್ನೂ ಆ ದಿಕ್ಕಿಗೇ ಎಳೆಯಬೇಕು, ಆಮೇಲೆ ಇಸ್ತ್ರಿಯನ್ನೂ ಆ ದಿಕ್ಕಿಗೇ ಹಾಯಿಸಬೇಕು. ಎದುರು ದಿಕ್ಕಿಗೆ ಕೈಯಾಡಿಸಿದರೆ ನಿಧಾನವಾಗಿ ಉರುಳುವ ಚೆಂಡು ದಾರಿ ತಪ್ಪುತ್ತದೆ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿಕೊಂಡು ಚೆಂಡಿನ ಓಟ ಕುಂದುತ್ತದೆ. ಇವೆಲ್ಲ ಅವರಿಗೆ ಅಂಗೈಯಲ್ಲಿಯೇ ತಿಳಿಯುತ್ತಿತ್ತು. ಕೋಲಿನ ತುದಿಗೆ ಚರ್ಮದ ಬಿಲ್ಲೆ ಅಂಟಿಸಿ ಅರದಿಂದ ಉಜ್ಜಿ ಗುಂಡಗಾಗಿಸುವಾಗ ಅವರ ಮುಖದಲ್ಲಿ ಅಕ್ಕಸಾಲಿಗನ ಏಕಾಗ್ರತೆ. ಆದರೆ ಗಿರಾಕಿಗಳ ಎದುರಿನಲ್ಲಿ ಅವರು ಕೋಲು ಹಿಡಿದು ಆಡಿದ್ದನ್ನು ನಾನು ಕಂಡಿಲ್ಲ. ಮಧ್ಯಾಹ್ನ ಮಹಡಿ ಖಾಲಿಯಿರುವಾಗ ಒಬ್ಬರೇ ಆಡುತ್ತಾರೆ, ಆ ಆಟದ ಮುಂದೆ ಇಲ್ಲಿನ ಯಾರ ಆಟವೂ ನಿಲ್ಲದು ಎಂದು ಕೆಳಗಿನ ಬೇಕರಿಯವರು ಹೇಳುತ್ತಿದ್ದರು.

ತಂದೆಯವರ ಆಟ ಮುಗಿಯುವವರೆಗೆ ನನ್ನನ್ನು ಅವರು ಅಂಕದ ಹಲಗೆಯ ಕೆಳಗೆ ಮುಕ್ಕಾಲಿಯ ಮೇಲೆ ಕೂರಿಸುತ್ತಿದ್ದರು. ಕೆಲವು ದಿನಗಳಲ್ಲಿಯೇ ಹಿತ್ತಾಳೆಯ ಮುಳ್ಳನ್ನು ಸರಿಸುವ ಕೆಲಸ ನನ್ನ ಪಾಲಿಗೆ ಬಂತು. ಬಿಲಿಯರ್ಡ್ಸ್ ಆಟದಲ್ಲಿ ಚೆಂಡುಗಳು ಮೂರೇ. ತನ್ನ ಚೆಂಡು ಉಳಿದೆರಡನ್ನೂ ತಾಗಿದರೆ ಎರಡು ಅಂಕ. ಕೆಂಪು ಚೆಂಡು ಜಾಲಿಗೆಗೆ ಬಿದ್ದರೆ ಮೂರು. "ತಂಬಿ, ನಲವತ್ತೇಳಕ್ಕೆ ಮೂರು ಸೇರಿದರೆ?" ಎಂದು ಅವರು ಕೇಳುವರು, ನಾನು ಹೇಳುವೆ. ಶಾಲೆಯಲ್ಲಿ ಬೆತ್ತಕ್ಕೆ ಬಗ್ಗದ ಗಣಿತ ನನಗೆ ಒಲಿದದ್ದು ಆ ಮುಕ್ಕಾಲಿಯ ಮೇಲೆ.

ಅಲ್ಲಿಗೆ ಬರುತ್ತಿದ್ದವರಾದರೂ ಎಂತೆಂಥವರು! ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಆಂಗ್ಲೋ ಇಂಡಿಯನ್ ಹಿರಿಯರೊಬ್ಬರು ಏಪ್ರಿಲ್ ಸೆಕೆಯಲ್ಲಿಯೂ ಕೋಟು, ಟೈ ಬಿಡುವವರಲ್ಲ. ಪ್ರತಿ ಹೊಡೆತಕ್ಕೂ ಮೊದಲು ಜೇಬಿನ ಗಡಿಯಾರ ತೆಗೆದು ನೋಡುವರು. ಇನ್ನೇನು ಹಸಿರು ಬಾವುಟ ಬೀಸಿಯೇಬಿಡುತ್ತಾರೆ ಎನಿಸುತ್ತಿತ್ತು. ಕೊರಳಿಗೆ ಅಳತೆಪಟ್ಟಿ ಸುತ್ತಿಕೊಂಡೇ ಬರುವ ದರ್ಜಿಯೊಬ್ಬರು ಒಂದು ಕಣ್ಣು ಮುಚ್ಚಿ ಚೆಂಡಿನಿಂದ ಚೆಂಡಿಗೆ ದೂರ ಹೇಳಿದರೆ ಅರ್ಧ ಅಂಗುಲವೂ ತಪ್ಪದು. ಆದರೆ ಹೊಡೆತ ಮಾತ್ರ ತಪ್ಪುತ್ತಿತ್ತು. ವಕೀಲರೊಬ್ಬರಿದ್ದರು. ಮೇಜಿನ ಬಾಡಿಗೆ ಕೊಡುವ ವಿಚಾರದಲ್ಲಿ ಅವರು ಸದಾ ವಾಯಿದೆ ಕೇಳುತ್ತಿದ್ದರು. ರಸೆಲ್ ಮಾರುಕಟ್ಟೆಯ ಮುಸಲ್ಮಾನ ವ್ಯಾಪಾರಿಯೊಬ್ಬರು ಆಜಾನ್ ಕೇಳಿಸಿದೊಡನೆ ಕೋಲು ಗೋಡೆಗೊರಗಿಸಿ ಹೊರಡುವರು. ನಮ್ಮ ಗಂಟೆ ಬಾರಿಸಿದಾಗ ಆಟದಲ್ಲಿ ಮುಳುಗಿದ್ದ ಕ್ರೈಸ್ತರಿಗೆ, "ಏನ್ರೀ, ನಿಮ್ಮ ಗಂಟೆ ಆಯಿತಲ್ಲ" ಎಂದು ನೆನಪಿಸುವವರೂ ಅವರೇ.

ನಮ್ಮ ಗಾನವೃಂದದ ಆರ್ಗನ್ ವಾದಕರದು ಇನ್ನೊಂದು ಕಥೆ. ಶನಿವಾರ ಪಾಪನಿವೇದನೆ ಮುಗಿಸಿ, ಹಾಡಿನ ಅಭ್ಯಾಸಕ್ಕೆ ಮೊದಲು ಸಿಗುವ ಮುಕ್ಕಾಲು ಗಂಟೆಯನ್ನು ಅವರು ಅಲ್ಲಿ ಕಳೆಯುತ್ತಿದ್ದರು. ಆಡುವಾಗ ಲತೀನ್ ಗೀತೆಯೊಂದನ್ನು ಗುನುಗುವುದು ವಾಡಿಕೆ. ಗುನುಗು ನಿಂತಿತೆಂದರೆ ಹೊಡೆತ ತಪ್ಪಿತೆಂದೇ ಅರ್ಥ. ಯಾರಾದರೂ ಚುಚ್ಚಿದರೆ, ಒಂಬತ್ತನೆಯ ಪಿಯುಸ್ ಜಗದ್ಗುರುಗಳೇ ವ್ಯಾಟಿಕನ್ ಅರಮನೆಯಲ್ಲಿ ಬಿಲಿಯರ್ಡ್ಸ್ ಆಡುತ್ತಿದ್ದರೆಂದು ಉತ್ತರಿಸುವರು. ಮಾತು ನಿಜವೇ. ಆದರೆ ಜಗದ್ಗುರುಗಳು ಹಾಡಿನ ಅಭ್ಯಾಸಕ್ಕೆ ತಡವಾಗಿ ಹೋಗುತ್ತಿರಲಿಲ್ಲ ಎಂಬುದು ಗಾನವೃಂದದವರ ಆಕ್ಷೇಪ. ಸೆಪ್ಟೆಂಬರ್ 8ರಂದು ಶಿವಾಜಿನಗರದಲ್ಲಿ ಮರಿಯಮ್ಮನವರ ತೇರು ಹೊರಡುವ ಸಂಜೆ ಮಾತ್ರ ಈ ಯಾರೊಬ್ಬರೂ ಇತ್ತ ಸುಳಿಯುತ್ತಿರಲಿಲ್ಲ.

ಗೋಡೆಯ ಮೇಲೆ ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ಚಿತ್ರವೊಂದಿತ್ತು. ಅದು ವಿಲ್ಸನ್ ಜೋನ್ಸ್ ಅವರದು. ಪುಣೆಯಲ್ಲಿ ಹುಟ್ಟಿದ ಅವರು 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪಟ್ಟ ಗೆದ್ದರು, 1964ರಲ್ಲಿ ನ್ಯೂಜಿಲೆಂಡಿನಲ್ಲಿ ಅದನ್ನೇ ಮತ್ತೊಮ್ಮೆ ಗೆದ್ದರು. ವಿಶ್ವ ಚಾಂಪಿಯನ್ನರಾದ ಮೊದಲ ಭಾರತೀಯರೆಂದು ಅವರನ್ನು ಎಣಿಸುವುದುಂಟು. ನಮ್ಮ ಗಾರ್ಡ್ ಸಾಹೇಬರು ಜೋನ್ಸರನ್ನು ಕಂಡವರಲ್ಲವಾದರೂ ಸೋದರಳಿಯನಂತೆ ಮಾತನಾಡುತ್ತಿದ್ದರು. ಮಾರ್ಕರ್ ಏನೂ ಹೇಳದೆ ಶನಿವಾರಕ್ಕೊಮ್ಮೆ ಆ ಗಾಜನ್ನು ಒರೆಸುತ್ತಿದ್ದರು.

ಇಷ್ಟೇ ಆಗಿದ್ದರೆ ಹಿರಿಯರು ಮೂಗು ಮುರಿಯಬೇಕಾಗಿರಲಿಲ್ಲ. ಅಲ್ಲಿ ಪಣ ಕಟ್ಟುತ್ತಿದ್ದರು. ಸಂತ ಫ್ರಾನ್ಸಿಸ್ ದೆ ಸಾಲೆಸರು ಗೃಹಸ್ಥರ ಭಕ್ತಿಜೀವನವನ್ನು ಕುರಿತ ತಮ್ಮ ಗ್ರಂಥದಲ್ಲಿ ಚೆಂಡಾಟ, ಚದುರಂಗಗಳಂತಹ ಕೌಶಲದ ಆಟಗಳನ್ನು ಒಪ್ಪುತ್ತಾರೆ. ಆದರೆ ಅದಕ್ಕೆ ಮೀರಿದ ಹೊತ್ತನ್ನೂ ದೊಡ್ಡ ಪಣವನ್ನೂ ಒಪ್ಪುವುದಿಲ್ಲ. ನಮ್ಮ ತಂದೆಯವರು ಈ ಎರಡು ವಿಷಯದಲ್ಲಿಯೂ ಜಾರಿದವರು. ಒಂದು ತಿಂಗಳ ಸಂಬಳದ ದಿನ ಅಪರಿಚಿತನೊಬ್ಬನ ಎದುರು ಆಡಿ ಸಂಬಳದ ಬಹುಭಾಗವನ್ನು ಸೋತರು. ಆ ತಿಂಗಳು ತಾಯಿಯ ಓಲೆ ಅಡವಿಗೆ ಹೋಯಿತು. ಮನೆಯಲ್ಲಿ ಜಗಳವಾಗಲಿಲ್ಲ. ತಾಯಿ ಜಪಸರದ ಪ್ರಾರ್ಥನೆಯನ್ನು ತಾವೊಬ್ಬರೇ ನಡೆಸಿದರು, ತಂದೆಯವರು ಹೊರಗಿನ ಜಗಲಿಯಲ್ಲಿ ಕುಳಿತಿದ್ದರು. ಜಗಳವಾಗಿದ್ದರೆ ಒಳ್ಳೆಯದಿತ್ತೆಂದು ನನಗೆ ಅನಿಸಿತ್ತು.

ಮುಂದಿನ ಸಂಬಳದ ಸಂಜೆ ನಾನು ಎಂದಿಗಿಂತ ಬೇಗ ಮೆಟ್ಟಿಲು ಹತ್ತಿದೆ. ತಂದೆಯವರು ಕೋಲು ಆರಿಸುತ್ತಿದ್ದರು. ಮೇಜಿನ ಮೇಲಣ ದೀಪ ಹತ್ತಿರಲಿಲ್ಲ. ಮಾರ್ಕರ್ ಕೈಚಾಚಿ ನಿಂತಿದ್ದರು. "ಕವರು ತಂಬಿಯ ಕೈಯಲ್ಲಿ ಮನೆಗೆ ಹೋಗಲಿ ಸಾರ್. ಆಮೇಲೆ ದೀಪ ಹಾಕುತ್ತೇನೆ."

ತಂದೆಯವರ ಮುಖ ಕೆಂಪೇರಿತು. ನೀನು ಯಾರು ಹೇಳಲು ಎಂದರು, ಒಡೆಯರಿಗೆ ಪತ್ರ ಬರೆಯುತ್ತೇನೆ ಎಂದರು. ಮಾರ್ಕರ್ ಕೈ ಹಿಂತೆಗೆಯಲಿಲ್ಲ, ಮಾತನ್ನೂ ಬೆಳೆಸಲಿಲ್ಲ. ಪಣದವರು ನಗುತ್ತಿದ್ದರು. ಕೊನೆಗೆ ತಂದೆಯವರು ಆ ಲಕೋಟೆಯನ್ನು ಮೇಜಿನ ಅಂಚಿಗೆ ಎಸೆದರು. ಮಾರ್ಕರ್ ಅದನ್ನೆತ್ತಿ ನನ್ನ ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿ, "ಅಮ್ಮನ ಕೈಗೇ ಕೊಡಬೇಕು, ಓಡಬೇಡ, ನಡೆದು ಹೋಗು" ಎಂದರು. ಅಂದಿನಿಂದ ಪ್ರತಿ ತಿಂಗಳೂ ಅದು ನಡೆಯಿತು. ಕೆಲವು ತಿಂಗಳುಗಳಾದ ಮೇಲೆ ತಂದೆಯವರೇ ಲಕೋಟೆಯನ್ನು ನನಗೆ ಕೊಡತೊಡಗಿದರು. ಆಟ ಬಿಡಲಿಲ್ಲ, ಆದರೆ ಪಣ ಬಿಟ್ಟರು. ಪಣದವರು ಮಾತ್ರ ಮಾರ್ಕರಿಗೆ ಕೊಡುತ್ತಿದ್ದ ಚಿಲ್ಲರೆ ಇನಾಮನ್ನು ನಿಲ್ಲಿಸಿದರು, ಗಿರಾಕಿಗಳನ್ನು ಓಡಿಸುತ್ತಾನೆಂದು ಒಡೆಯರ ಕಿವಿಗೂ ಹಾಕಿದರು. ಅವರ ಸಂಬಳದಲ್ಲಿ ಎಷ್ಟೋ ಕಡಿತವಾಯಿತೆಂದು ಬೇಕರಿಯವರಿಂದ ನಮಗೆ ತಿಳಿಯಿತು.

1978ರಲ್ಲಿ ಆ ಕಟ್ಟಡ ಮಾರಾಟವಾಯಿತು. ಮೇಜಿನ ಚಪ್ಪಡಿಗಳನ್ನು ಕಳಚಿ ಒಂದೊಂದಾಗಿ ಕೆಳಗಿಳಿಸಲು ಕೂಲಿಯಾಳುಗಳು ಇಡೀ ದಿನ ಹೆಣಗಿದರು. ಮೈಕೇಲ್ ಫೆರೇರಾ ಅವರು ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಸರದಿ ಮುರಿಯದೆ 1149 ಅಂಕಗಳನ್ನು ಗಳಿಸಿದ್ದೂ ಆ ವರ್ಷವೇ. ಅದನ್ನು ಮಾರ್ಕರಿಗೆ ಓದಿ ಹೇಳೋಣವೆಂದರೆ ಅವರು ಎಲ್ಲಿಗೆ ಹೋದರೆಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೂರು ವರ್ಷಗಳ ಅನಂತರ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋದವರು ದರ್ಜಿ, ಮಾರುಕಟ್ಟೆಯ ವ್ಯಾಪಾರಿ, ನಮ್ಮ ತಂದೆಯವರು ಹಾಗೂ ನಾನು. ಇಂದು ನಮ್ಮ ಬೆಂಗಳೂರಿನವರೇ ಆದ ಪಂಕಜ್ ಅಡ್ವಾಣಿ ಅವರು ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲಿಯೂ ವಿಶ್ವಪಟ್ಟಗಳನ್ನು ಗೆದ್ದು ಆಟದ ಮರ್ಯಾದೆಯನ್ನು ಹೆಚ್ಚಿಸಿದ್ದಾರೆ. ಅವರ ಮೊದಲ ವಿಶ್ವಪಟ್ಟ ಬಂದದ್ದು 2003ರಲ್ಲಿ. ವಿಲ್ಸನ್ ಜೋನ್ಸ್ ತೀರಿಕೊಂಡದ್ದೂ ಆ ವರ್ಷವೇ. ಈಗ ಮಕ್ಕಳಿಗೆ ಕೋಲು ಕೊಡಿಸಿ ತರಬೇತಿಗೆ ಕಳುಹಿಸುವ ತಾಯಂದಿರನ್ನು ನಮ್ಮ ಧರ್ಮಕೇಂದ್ರದಲ್ಲಿಯೇ ಬಲ್ಲೆ. ನನ್ನ ತಾಯಿ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ!

ಇನ್ನೊಂದು ಸಂಗತಿ ನನಗೆ ತಿಳಿದದ್ದು 1988ರಲ್ಲಿ. ಅದು ಸಂತ ಡಾನ್ ಬಾಸ್ಕೊ ಅವರ ನಿಧನದ ಶತಮಾನೋತ್ಸವದ ವರ್ಷ. ಅವರ ಚರಿತ್ರೆಯೊಂದನ್ನು ಮನೆಗೆ ತಂದು ಸಂಜೆ ತಂದೆಯವರಿಗೆ ಓದಿ ಹೇಳುತ್ತಿದ್ದೆ. ಕಿಯೇರಿ ಪಟ್ಟಣದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1833ರ ಸುಮಾರಿಗೆ, ಬಡತನದ ಕಾರಣ ಅವರು ಕಾಫಿ ಅಂಗಡಿಯೊಂದರಲ್ಲಿ ಸಂಜೆಯ ಕೆಲಸಕ್ಕೆ ಸೇರಿದ್ದರು. ಅಲ್ಲಿ ಬಿಲಿಯರ್ಡ್ಸ್ ಆಟದ ಅಂಕಗಳನ್ನು ಗುರುತಿಸುವುದೂ ಅವರ ಕೆಲಸವಾಗಿತ್ತು. ಇಷ್ಟನ್ನು ಓದುತ್ತಲೇ ತಂದೆಯವರು ನಿಲ್ಲಿಸೆಂದು ಕೈ ಎತ್ತಿದರು. "ಹಾಗಾದರೆ ಸ್ವಾಮಿಗಳು ಮಾರ್ಕರ್ ಆಗಿದ್ದರು" ಎಂದರು. ಬಹಳ ಹೊತ್ತಾದ ಮೇಲೆ ಮಿಕ್ಕದ್ದನ್ನು ಹೇಳಿದರು.

1968ರಲ್ಲಿ ನಮ್ಮ ಮಾರ್ಕರ್ ಬಡವರ ನೆರವಿನ ಸಭೆಯೊಂದರ ಸದಸ್ಯತ್ವ ಕೋರಿ ಅರ್ಜಿ ಕೊಟ್ಟಿದ್ದರಂತೆ. ತಿಂಗಳಿಗೊಂದು ಅಲ್ಪ ಮೊತ್ತ ಕೊಡುವೆನೆಂದೂ, ರೋಗಿಗಳ ಮನೆಗೆ ಹೋಗಲು ಮಧ್ಯಾಹ್ನ ತನಗೆ ಬಿಡುವಿದೆಯೆಂದೂ ಬರೆಸಿದ್ದರು. ಜೂಜು ನಡೆಯುವ ಸ್ಥಳದಲ್ಲಿ ದುಡಿಯುವವನನ್ನು ಸೇರಿಸಿಕೊಂಡರೆ ಸಭೆಗೆ ಕುಂದು ಎಂದು ಸಮಿತಿಯು ನಿರ್ಣಯಿಸಿತು. ಸಮಿತಿಯಲ್ಲಿದ್ದವರು ಏಳು ಜನ. ಅವರಲ್ಲಿ ಇಬ್ಬರು ಆ ಮಹಡಿಯ ಮೆಟ್ಟಿಲು ಹತ್ತುತ್ತಿದ್ದವರು. ಒಬ್ಬರು ಆರ್ಗನ್ ವಾದಕರು, ಇನ್ನೊಬ್ಬರು ನನ್ನ ತಂದೆ. ಇಬ್ಬರೂ ಬಾಯಿ ತೆರೆಯಲಿಲ್ಲ. ಮರುದಿನ ಸಂಜೆ ತಂದೆಯವರು ಅಳುಕುತ್ತಲೇ ಮಹಡಿ ಹತ್ತಿದರು; ಮಾರ್ಕರ್ ಎಂದಿನಂತೆ ಬಾಗಿ ಚೆಂಡು ಇಟ್ಟು, "ನಿಮ್ಮ ಸರದಿ ಸಾರ್" ಎಂದರಂತೆ.

ಇಪ್ಪತ್ತು ವರ್ಷ ಈ ಮಾತನ್ನು ತಂದೆಯವರು ಹೊತ್ತಿದ್ದರು. ಪಾಪನಿವೇದನೆಯಲ್ಲಿ ಹೇಳಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಮಾರ್ಕರ್ ಆತ್ಮಕ್ಕಾಗಿ ಬಲಿಪೂಜೆ ಹೇಳಿಸಲು ಕಾಣಿಕೆ ಹಿಡಿದು ಅವರೇ ಧರ್ಮಕೇಂದ್ರದ ಕಚೇರಿಗೆ ಹೋದರು, ಜೊತೆಗೆ ನಾನೂ ಹೋದೆ. ಗುಮಾಸ್ತರು ಹೆಸರು ಕೇಳಿದರು. ತಂದೆಯವರು ಸುಮ್ಮನೆ ನಿಂತರು. ಹದಿನೈದು ವರ್ಷಗಳಿಗೂ ಮಿಗಿಲಾಗಿ ಪ್ರತಿ ಸಂಜೆ ಕಂಡ ಮನುಷ್ಯನ ಹೆಸರು ಅವರಿಗೆ ತಿಳಿದಿರಲಿಲ್ಲ. ಮಣ್ಣಿನ ದಿನ ಗುರುಗಳು ಲತೀನ್ ಹೆಸರೊಂದನ್ನು ಉಚ್ಚರಿಸಿದ್ದು ನೆನಪಿತ್ತು. ಯಾವುದೆಂದು ನನಗೂ ನೆನಪಾಗಲಿಲ್ಲ. "ಮಾರ್ಕರ್ ಅಂತಲೇ ಕರೆಯುತ್ತಿದ್ದೆವು" ಎಂದರು ತಂದೆಯವರು. ಗುಮಾಸ್ತರು ಅದು ಹೆಸರಾಗುವುದಿಲ್ಲವೆಂದು ಹೇಳಿ, 1981ರ ಮರಣ ದಾಖಲೆಯ ಪುಸ್ತಕವನ್ನು ಕಪಾಟಿನಿಂದ ತೆಗೆದುಕೊಟ್ಟರು. ತಿಂಗಳು ಖಚಿತವಿಲ್ಲದ್ದರಿಂದ ಪುಟ ಪುಟವಾಗಿ ನೋಡಬೇಕಾಯಿತು. ಅಚ್ಚಿನ ಮೊಳೆಗಳನ್ನು ತಲೆಕೆಳಗಾಗಿ ಓದಿ ಪಳಗಿದ ತಂದೆಯವರ ಕಣ್ಣು ಆಗಲೇ ಮಂಜಾಗಿತ್ತು. ನಾನು ಓದಿದೆ, ಅವರು ಕೇಳಿದರು. ವೃತ್ತಿ ಎಂಬ ಅಂಕಣದಲ್ಲಿ 'ಬಿಲಿಯರ್ಡ್ ಮಾರ್ಕರ್' ಎಂದಿದ್ದ ಸಾಲು ಕೊನೆಗೂ ಸಿಕ್ಕಿತು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮನೆಯವರು ಎಲ್ಲಿದ್ದಾರೋ, ಅವರ ಒಪ್ಪಿಗೆ ನನ್ನಲ್ಲಿಲ್ಲ. ತಂದೆಯವರು 1996ರಲ್ಲಿ ನಿಧನರಾದರು. ಅಂದಿನಿಂದ ಪ್ರತಿ ನವೆಂಬರಿನಲ್ಲಿ ಇಬ್ಬರ ಹೆಸರನ್ನೂ ಒಂದೇ ಚೀಟಿಯಲ್ಲಿ ಬರೆದು ಕಚೇರಿಗೆ ಕೊಡುತ್ತೇನೆ. ಕಳೆದ ವರ್ಷ ಹೊಸದಾಗಿ ಬಂದಿರುವ ಗುಮಾಸ್ತೆ ಹುಡುಗಿ ಎರಡನೆಯ ಹೆಸರಿನ ಮೇಲೆ ಬೆರಳಿಟ್ಟು, "ಇವರು ನಿಮಗೆ ಏನಾಗಬೇಕು ಅಂಕಲ್?" ಎಂದು ಕೇಳಿದಳು. ನನ್ನ ಹಿಂದೆ ಸಾಲು ಉದ್ದವಿತ್ತು. ನಮ್ಮ ಮನೆಗೆ ಬೇಕಾದವರಮ್ಮ, ಬರೆದುಕೋ ಎಂದೆ.