ಹಳೆಯ ಕಾರಿನ ಬುತ್ತಿ

ದೂರದ ಊರಿಗೆ ಹೊರಡುವವರು ಬುತ್ತಿ ಕಟ್ಟಿಕೊಂಡು ಹೋಗುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ದಾರಿಯಲ್ಲಿ ಹಸಿವಾಗುವುದು ನಿಶ್ಚಿತ. ಹಸಿವಾದ ಜಾಗದಲ್ಲಿಯೇ ಊಟ ಸಿಕ್ಕುವುದು ನಿಶ್ಚಿತವಲ್ಲ. ಹಳೆಯ ಕಾರಿನಲ್ಲಿ ಪ್ರಯಾಣ ಮಾಡುವವರು ಇನ್ನೊಂದು ಬುತ್ತಿಯನ್ನೂ ಕಟ್ಟಬೇಕಾಗುತ್ತದೆ. ಅದು ಕಾರಿನ ಬುತ್ತಿ. ಅದರಲ್ಲಿ ಏನಿರಬೇಕು, ಏನು ಬೇಡ, ಏಕೆ ಎಂಬುದನ್ನು ಭೌತವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಳೆಯ ಕಾರು ಎಂದಾಗ ನಮ್ಮ ದೇಶದಲ್ಲಿ ಮುಖ್ಯವಾಗಿ ಎರಡು ಕಾರುಗಳು ನೆನಪಿಗೆ ಬರುತ್ತವೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಒಂದು. ಇಟಲಿಯ ಫಿಯಟ್ 1100ರಿಂದ ಹುಟ್ಟಿ ಮುಂಬಯಿಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಇನ್ನೊಂದು. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಪದ್ಮಿನಿಯದು ಅದಕ್ಕೂ ಬಹಳ ಮೊದಲೇ ನಿಂತಿತ್ತು. ಇವುಗಳ ಬಿಡಿಭಾಗಗಳು ಹಿಂದೆ ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ದೊರೆಯುತ್ತಿದ್ದವು. ಇಂದು ಹಾಗಿಲ್ಲ. ಕಂಪ್ಯೂಟರನ್ನು ಜೋಡಿಸಿ ಹೊಸ ಕಾರುಗಳ ದೋಷವನ್ನು ಕಂಡುಹಿಡಿಯುವ ಯುವ ಮೆಕ್ಯಾನಿಕನಿಗೆ ಇವುಗಳ ಒಡಲು ಅಪರಿಚಿತ. ಹೀಗಾಗಿ ಬುತ್ತಿಯ ಅಗತ್ಯ ಕಡಮೆಯಾಗುವುದರ ಬದಲು ಹೆಚ್ಚಿದೆ.

ಮೊದಲು ಒಂದು ಸರಳ ಲೆಕ್ಕ. ಕಾರು ಚಲಿಸಬೇಕಾದರೆ ಅನೇಕ ಭಾಗಗಳು ಏಕಕಾಲದಲ್ಲಿ ಸರಿಯಾಗಿರಬೇಕು. ಅವು ಸರಪಳಿಯ ಕೊಂಡಿಗಳಂತೆ. ಒಂದು ಕಡಿದರೂ ಪ್ರಯಾಣ ನಿಂತಿತು. ಇಂಥ 20 ಭಾಗಗಳಿವೆ ಎಂದೂ ಒಂದು ಪ್ರಯಾಣದಲ್ಲಿ ಪ್ರತಿಯೊಂದೂ ಕೈಕೊಡುವ ಸಂಭವ ನೂರಕ್ಕೆ ಒಂದು ಎಂದೂ ಊಹಿಸೋಣ. ಒಂದೂ ಕೆಡದಿರುವ ಸಂಭವವನ್ನು ತಿಳಿಯಲು 0.99 ಎಂಬ ಸಂಖ್ಯೆಯನ್ನು 20 ಸಲ ಗುಣಿಸಬೇಕು. ಬರುವ ಉತ್ತರ ಸುಮಾರು 0.82. ಅಂದರೆ ಬಿಡಿಬಿಡಿಯಾಗಿ ನೋಡಿದರೆ ತೀರ ನಂಬಿಕೆಗೆ ಅರ್ಹವಾದ ಭಾಗಗಳಿಂದಲೇ ಕೂಡಿದ ಕಾರು ಐದಾರು ಪ್ರಯಾಣಗಳಲ್ಲಿ ಒಮ್ಮೆ ದಾರಿಯಲ್ಲಿ ನಿಲ್ಲುತ್ತದೆ! ಈ ಇಪ್ಪತ್ತರಲ್ಲಿ ಹತ್ತು ಭಾಗಗಳಿಗೆ ಬದಲಿಯನ್ನು ಒಯ್ದರೆ ಈ ಅಪಾಯ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಉಳಿದ ಹತ್ತನ್ನೂ ಏಕೆ ಒಯ್ಯಬಾರದು? ಗೇರ್‌ಪೆಟ್ಟಿಗೆಯನ್ನು ರಸ್ತೆಯ ಬದಿಯಲ್ಲಿ ಬಿಚ್ಚಿ ಜೋಡಿಸುವಂತಿಲ್ಲ. ಅದನ್ನು ಹೊತ್ತರೆ ಬರಿಯ ಭಾರ. ಬೇಗ ಕೆಡುವ, ಕೆಟ್ಟರೆ ಕಾರನ್ನು ನಿಲ್ಲಿಸುವ, ಸಾಮಾನ್ಯ ಮನುಷ್ಯ ಕೈಯಿಂದ ಬದಲಿಸಬಹುದಾದ, ಹಗುರವಾದ ವಸ್ತುಗಳನ್ನೇ ಆರಿಸಬೇಕು.

ಈ ನಾಲ್ಕು ಲಕ್ಷಣಗಳೂ ಕೂಡಿರುವುದು ಕಿಡಿಯನ್ನು ಉಂಟುಮಾಡುವ ವ್ಯವಸ್ಥೆಯಲ್ಲಿ. ಕಾರಿನ ಬ್ಯಾಟರಿಯ ವೋಲ್ಟೇಜು ಕೇವಲ 12. ಆದರೆ ಪ್ಲಗ್ಗಿನ ತುದಿಯಲ್ಲಿ, ಒತ್ತಡಕ್ಕೆ ಸಿಕ್ಕ ಅನಿಲದ ನಡುವೆ ಕಿಡಿ ಹಾರಬೇಕಾದರೆ ಹತ್ತು ಸಾವಿರ ವೋಲ್ಟಿಗೂ ಹೆಚ್ಚು ಬೇಕಾಗಬಹುದು. 12 ಹೇಗೆ ಹತ್ತು ಸಾವಿರವಾಗುತ್ತದೆ? ಇದರ ಮೂಲ ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್‌ಪ್ರೇರಣೆಯಲ್ಲಿದೆ. ಇಗ್ನಿಷನ್ ಕಾಯಿಲಿನಲ್ಲಿ ಎರಡು ತಂತಿಸುರುಳಿಗಳಿವೆ. ಪ್ರಾಥಮಿಕ ಸುರುಳಿಯಲ್ಲಿ ಕೆಲವು ನೂರು ಸುತ್ತುಗಳು, ದ್ವಿತೀಯಕದಲ್ಲಿ ಹಲವು ಸಾವಿರ. ಪ್ರಾಥಮಿಕದಲ್ಲಿ ಮೂರು ನಾಲ್ಕು ಆಂಪಿಯರ್ ಪ್ರವಾಹ ಹರಿಯುತ್ತಿರುವಾಗ ಅದನ್ನು ಥಟ್ಟನೆ ಕಡಿದರೆ, ಕಬ್ಬಿಣದ ತಿರುಳಿನ ಕಾಂತಕ್ಷೇತ್ರ ಕುಸಿದು ದ್ವಿತೀಯಕದಲ್ಲಿ ಭಾರಿ ವೋಲ್ಟೇಜು ಹುಟ್ಟುತ್ತದೆ. ಹೀಗೆ ಕಡಿಯುವ ಕೆಲಸ ‘ಪಾಯಿಂಟ್’ ಎಂದು ಕರೆಯುವ ಪುಟ್ಟ ಲೋಹದ ಜೋಡಿಯದು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ಬಗೆಯ ವ್ಯವಸ್ಥೆ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಬಹುಪಾಲು ಕಾರುಗಳು ಇದನ್ನೇ ನಂಬಿದ್ದವು.

ಆ ಪಾಯಿಂಟಿನ ದುಡಿಮೆಯನ್ನು ಗಮನಿಸಿ. ನಾಲ್ಕು ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ ಒಂದು ಸುತ್ತು ತಿರುಗಿದರೆ ಎರಡು ಕಿಡಿ ಬೇಕು. ಮಿನಿಟಿಗೆ 2,500 ಸುತ್ತಿನಂತೆ ಬೆಂಗಳೂರಿನಿಂದ ಮಂಗಳೂರಿಗೆ ಏಳು ಗಂಟೆ ಓಡಿದರೆ ಆ ಪಾಯಿಂಟು 21 ಲಕ್ಷ ಸಲ ತೆರೆದು ಮುಚ್ಚಿರುತ್ತದೆ. ತೆರೆದಾಗ ಅದರ ನಡುವಿನ ಸಂದು ಒಂದು ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಭಾಗದಷ್ಟು ಮಾತ್ರ. ಸವೆದೂ ಸುಟ್ಟೂ ಈ ಸಂದು ಬದಲಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದುದರಿಂದ ಒಂದು ಜೊತೆ ಹೊಸ ಪಾಯಿಂಟು, ಸಂದನ್ನು ಅಳೆಯುವ ತೆಳು ಉಕ್ಕಿನ ಗೇಜು, ತುಸು ನಯವಾದ ಉಪ್ಪುಕಾಗದ, ಇವು ಬುತ್ತಿಯಲ್ಲಿರಲೇಬೇಕು.

ಪಾಯಿಂಟಿನ ಪಕ್ಕದಲ್ಲಿ ಕಿರುಬೆರಳಿನ ತುದಿಯಷ್ಟು ಗಾತ್ರದ ಒಂದು ಲೋಹದ ಡಬ್ಬಿಯಿದೆ. ಅದೇ ಕಂಡೆನ್ಸರ್. ಪ್ರವಾಹವನ್ನು ಕಡಿದೊಡನೆ ಪ್ರಾಥಮಿಕ ಸುರುಳಿಯಲ್ಲಿಯೂ ಸ್ವಪ್ರೇರಣೆಯಿಂದ ಸುಮಾರು 300 ವೋಲ್ಟುಗಳಷ್ಟು ಹುಟ್ಟುತ್ತದೆ. ಓಡುವ ಬಸ್ಸು ಹಠಾತ್ತನೆ ನಿಂತರೆ ಒಳಗಿನವರು ಮುಂದಕ್ಕೆ ಮುಗ್ಗರಿಸುವಂತೆ, ಪ್ರವಾಹವೂ ಮುಂದುವರಿಯಲು ಹವಣಿಸಿ, ಆಗತಾನೆ ತೆರೆಯುತ್ತಿರುವ ಪಾಯಿಂಟಿನ ಸಂದನ್ನು ಹಾರಿ ಸುಡುತ್ತದೆ. ಹೀಗಾದರೆ ಪ್ರವಾಹ ಥಟ್ಟನೆ ನಿಲ್ಲದೆ ಮೆಲ್ಲಗೆ ಇಳಿಯುತ್ತದೆ. ಪ್ಲಗ್ಗಿನಲ್ಲಿ ಕಿಡಿ ಹುಟ್ಟದು. ಸುಮಾರು 0.2 ಮೈಕ್ರೊಫ್ಯಾರಡ್ ಧಾರಣಶಕ್ತಿಯ ಕಂಡೆನ್ಸರ್ ಆ ಕ್ಷಣದಲ್ಲಿ ಪ್ರವಾಹಕ್ಕೆ ಪಕ್ಕದ ದಾರಿಯನ್ನು ತೋರಿಸಿ, ಪಾಯಿಂಟು ಸಾಕಷ್ಟು ತೆರೆದುಕೊಳ್ಳಲು ಅವಕಾಶ ಕೊಡುತ್ತದೆ.

ಇದರ ಬೆಲೆಯನ್ನು ನಾನು ಕಲಿತದ್ದು ತರಗತಿಯಲ್ಲಿ ಅಲ್ಲ. ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ, ಮಾವನವರ ಅಂಬಾಸಿಡರಿನಲ್ಲಿ ಉಜಿರೆಯಿಂದ ಚಾರ್ಮಾಡಿ ಘಾಟಿಯನ್ನು ಏರುತ್ತಿದ್ದೆವು. ಜೊತೆಯಲ್ಲಿ ನನ್ನ ಹೆಂಡತಿ, ಅತ್ತೆಯವರು ಮತ್ತು ಎರಡು ವರ್ಷದ ಮಗಳು. ಒಂದು ತಿರುವಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಮಂಜು ಕವಿದಿತ್ತು, ಮೇಲಿನಿಂದ ಇಳಿದು ಬರುವ ವಾಹನಕ್ಕೆ ನಾವು ಹತ್ತು ಮಾರು ದೂರದಿಂದಲೂ ಕಾಣುವಂತಿರಲಿಲ್ಲ. ಮೊಬೈಲಿಗೆ ಸಂಕೇತ ದೊರೆಯಲಿಲ್ಲ. ಡಿಕ್ಕಿಯಲ್ಲಿ ಎರಡು ಸುತ್ತಿಗೆ, ಒಂದು ರಾಶಿ ಸ್ಪಾನರು, ಹಳೆಯ ಕಾರ್ಬುರೇಟರು ಕೂಡ ಇದ್ದವು; ಕಂಡೆನ್ಸರ್ ಇರಲಿಲ್ಲ. ಪಾಯಿಂಟಿನ ಬಳಿ ನೀಲಿಯ ದೊಡ್ಡ ಕಿಡಿಯನ್ನು ಕಂಡಾಗ ರೋಗ ತಿಳಿಯಿತು, ಮದ್ದಿರಲಿಲ್ಲ. ಮುಕ್ಕಾಲು ಗಂಟೆ ಮಾವನವರು ಛತ್ರಿ ಹಿಡಿದು ತಿರುವಿನಲ್ಲಿ ಟಾರ್ಚು ತೋರಿಸುತ್ತ ನಿಂತರು. ಕೊನೆಗೆ ಹಳೆಯ ಜೀಪೊಂದು ಬಂದಿತು. ಅದರ ಚಾಲಕ, “ಇದೊಂದು ಇಟ್ಕೊಂಡಿರ್ಬೇಕು ಸಾರ್, ಗಾಡಿಗಿಂತ ಮುಖ್ಯ” ಎಂದು ತನ್ನ ಜೇಬಿನಿಂದಲೇ ಕಂಡೆನ್ಸರನ್ನು ತೆಗೆದುಕೊಟ್ಟ. ಜೀಪಿನದು ಅಂಬಾಸಿಡರಿಗೆ ಒಪ್ಪೀತೇ ಎಂಬ ಸಂಶಯ ಬೇಡ. ಧಾರಣಶಕ್ತಿ ಹೆಚ್ಚುಕಡಮೆ ಸಮನಾಗಿದ್ದರೆ ಆಕಾರ ಹೇಗಿದ್ದರೂ ಸರಿ. ಅದರ ಹೊರಕವಚವನ್ನು ಎಂಜಿನ್ನಿನ ಲೋಹಕ್ಕೆ ಬಿಗಿದು ತಂತಿಯನ್ನು ಪಾಯಿಂಟಿನ ಕಡೆಗೆ ಸೇರಿಸಿದೆವು. ಎಂಜಿನ್ ಹೊತ್ತಿಕೊಂಡಿತು. ನಾನೀಗ ಎರಡು ಕಂಡೆನ್ಸರುಗಳನ್ನು ಒಯ್ಯುತ್ತೇನೆ.

ಮಳೆಯಲ್ಲಿ ಒಣಬಟ್ಟೆಯೂ ಒಂದು ಸಲಕರಣೆಯೇ. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ ತೇವ ಕುಳಿತರೆ ಹತ್ತು ಸಾವಿರ ವೋಲ್ಟಿನ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಆ ತೇವದ ಹಾದಿಯಲ್ಲೇ ಸೋರಿಹೋಗುತ್ತದೆ. ಮುಚ್ಚಳವನ್ನು ಒಳಗೂ ಹೊರಗೂ ಒರಸಿದರೆ ಸಾಕು.

ಇನ್ನು ಫ್ಯಾನ್ ಬೆಲ್ಟು. ನೀರಿನ ಪಂಪು, ಫ್ಯಾನು, ಡೈನಮೊ ಮೂರನ್ನೂ ತಿರುಗಿಸುವುದು ಈ ಒಂದೇ ರಬ್ಬರಿನ ಪಟ್ಟಿ. ಇದರ ಅಡ್ಡಕೊಯ್ತ ಬೆಣೆಯಂತಿರುವುದು ಏಕೆ? ಚಪ್ಪಟೆ ಬೆಲ್ಟು ರಾಟೆಯನ್ನು ನೇರವಾಗಿ ಒತ್ತುತ್ತದೆ. ಬೆಣೆಯಾಕಾರದ್ದು ಕಾಲುವೆಯೊಳಕ್ಕೆ ಸಿಲುಕಿ ಎರಡು ಪಕ್ಕದ ಗೋಡೆಗಳನ್ನು ಒತ್ತುತ್ತದೆ. ಕಾಲುವೆಯ ಕೋನ 38 ಡಿಗ್ರಿಯಾದರೆ ಅಷ್ಟೇ ಎಳೆತಕ್ಕೆ ಘರ್ಷಣೆ ಸುಮಾರು ಮೂರು ಪಟ್ಟಾಗುತ್ತದೆ. ಹೆಣ್ಣುಮಕ್ಕಳ ನೈಲಾನ್ ಕಾಲುಚೀಲವನ್ನು ಕಟ್ಟಿ ಬೆಲ್ಟಿನ ಕೆಲಸ ಮಾಡಿಸಿದ ಕಥೆಗಳಿವೆ. ಬೆಣೆಯಲ್ಲದ ಅದು ಬಹುದೂರ ಬಾರದು. ಬೆಲ್ಟು ಕಡಿದರೆ ನೀರು ಸಂಚರಿಸದೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾಯುತ್ತದೆ. ಹೊಸ ಬೆಲ್ಟಿನ ಜೊತೆಗೆ ಡೈನಮೊವನ್ನು ಸಡಿಲಿಸುವ ಸ್ಪಾನರೂ ಇರಬೇಕೆಂಬುದನ್ನು ಅನೇಕರು ಮರೆಯುತ್ತಾರೆ.

ಕಾದ ಎಂಜಿನ್ನಿನ ವಿಷಯದಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ರೇಡಿಯೇಟರಿನ ಮುಚ್ಚಳ ಕುಕ್ಕರಿನ ಮುಚ್ಚಳದ ಹಾಗೆಯೇ ಕೆಲಸಮಾಡುತ್ತದೆ. ಹೊರಗಿನ ವಾಯುಭಾರಕ್ಕಿಂತ ಅರ್ಧದಷ್ಟು ಹೆಚ್ಚಿನ ಒತ್ತಡವನ್ನು ಅದು ಕಾಪಾಡಿದರೆ ನೀರು ಸುಮಾರು 111 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರುತ್ತದೆ. ಅಂಥ ನೀರಿನ ಮುಚ್ಚಳವನ್ನು ತಟ್ಟನೆ ತೆರೆದರೆ ಒತ್ತಡ ಕುಸಿದು ನೀರಿನ ಒಂದಂಶ ಆ ಕ್ಷಣದಲ್ಲೇ ಹಬೆಯಾಗಿ, ಉಳಿದ ಸುಡುನೀರನ್ನು ಮುಖಕ್ಕೆ ಎರಚುತ್ತದೆ. ಅರ್ಧ ಗಂಟೆ ಕಾಯುವ ತಾಳ್ಮೆ ಇಲ್ಲದೆ ಮುಖ ಸುಟ್ಟುಕೊಂಡವರಿದ್ದಾರೆ. ಐದು ಲೀಟರ್ ನೀರು, ದಪ್ಪ ಬಟ್ಟೆ, ಮೇಲಿನ ಮತ್ತು ಕೆಳಗಿನ ಹೋಸ್ ಪೈಪುಗಳು, ಅವುಗಳ ಕ್ಲಿಪ್ಪುಗಳು ಬೇಕು. ಬಿಸಿ ಎಂಜಿನ್ನಿಗೆ ತಣ್ಣೀರನ್ನು ಒಮ್ಮೆಲೆ ಸುರಿಯಬಾರದು. ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಹಿಗ್ಗಿರುವ ಎರಕದ ಕಬ್ಬಿಣ ಬಿರುಕುಬಿಡಬಲ್ಲುದು.

ಅದೇ ಕುದಿತ ಪೆಟ್ರೋಲಿನಲ್ಲಿಯೂ ತೊಂದರೆ ಕೊಡುತ್ತದೆ. ಬೇಸಗೆಯ ಮಧ್ಯಾಹ್ನ ಘಾಟಿಯನ್ನು ಏರುವಾಗ ಎಂಜಿನ್ನಿನ ಮಗ್ಗುಲಲ್ಲಿರುವ ಪೆಟ್ರೋಲ್ ಪಂಪು ಕಾದು, ಪೆಟ್ರೋಲಿನ ಹಗುರವಾದ ಅಂಶಗಳು ಆವಿಯಾಗುತ್ತವೆ. ದ್ರವವನ್ನು ತಳ್ಳಲು ರಚಿಸಿದ ಪಂಪು ಆವಿಯನ್ನು ಬರಿದೆ ಹಿಸುಕುತ್ತ ಕೂರುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತುವುದೇ ಚಿಕಿತ್ಸೆ. ಮಣ್ಣಿನ ಹೂಜಿಯ ನೀರು ತಂಪಾಗುವ ತತ್ತ್ವವೇ ಇಲ್ಲಿಯೂ. ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದೆ. 2025ರಲ್ಲಿ ಅದರ ಪ್ರಮಾಣ ನಮ್ಮ ದೇಶದಲ್ಲಿ ನೂರಕ್ಕೆ 20ನ್ನು ಮುಟ್ಟಿತು. ಹಳೆಯ ಕಾರುಗಳ ರಬ್ಬರು ಇದಕ್ಕಾಗಿ ಮಾಡಿದ್ದಲ್ಲ. ಅದು ಮೆದುವಾಗಿ ಸೋರತೊಡಗುತ್ತದೆ. ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕುವ ಪೆಟ್ರೋಲು ಎಂದರೆ ಬೆಂಕಿ. ಎಥನಾಲನ್ನು ತಾಳಿಕೊಳ್ಳುವ ಒಂದು ಮೊಳ ಹೊಸ ಪೈಪನ್ನೂ ಸಣ್ಣದೊಂದು ಅಗ್ನಿಶಾಮಕವನ್ನೂ ಇಟ್ಟುಕೊಳ್ಳದೆ ಹೊರಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಏರುವಾಗ ಎಂಜಿನ್ನಿನ ಕಷ್ಟ; ಇಳಿಯುವಾಗ ಬ್ರೇಕಿನದು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಜನ ಮತ್ತು ಸಾಮಾನು ಸೇರಿ 1,500 ಕಿಲೋಗ್ರಾಂ ತೂಗುವ ಕಾರು ಅಲ್ಲಿಂದ 800 ಮೀಟರ್ ಕೆಳಕ್ಕಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1 ಕೋಟಿ 18 ಲಕ್ಷ ಜೂಲ್. ಇದು 40 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲ ಉಷ್ಣ. ಬ್ರೇಕನ್ನೇ ಒತ್ತುತ್ತ ಇಳಿದರೆ ಇದರ ಬಹುಭಾಗ ನಾಲ್ಕು ಡ್ರಮ್ಮುಗಳಿಗೆ ಹೋಗುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ ಅದರ ಗಣನೀಯ ಭಾಗವನ್ನು ಹೊರುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯ ಹೊಸ ಎಣ್ಣೆ 205 ಡಿಗ್ರಿಗಿಂತ ಕೆಳಗೆ ಕುದಿಯಬಾರದೆಂದು ನಿಯಮವಿದ್ದರೆ, ತೇವ ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿ ಮಾತ್ರ. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಸೇರಿ ಪೆಡಲು ನೆಲಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಆದುದರಿಂದ ಒಯ್ಯುವ ಬಾಟಲಿ ಮೊಹರು ಒಡೆಯದ್ದಾಗಿರಬೇಕು. ಅದಿಲ್ಲವೆಂದು ಎಂಜಿನ್ ಎಣ್ಣೆಯನ್ನು ಹಾಕುವುದು ಘೋರ ತಪ್ಪು. ಬ್ರೇಕಿನ ರಬ್ಬರುಗಳು ಅದರಲ್ಲಿ ಉಬ್ಬಿ ಹಾಳಾಗುತ್ತವೆ.

ಸ್ಪಾನರುಗಳ ವಿಚಾರದಲ್ಲಿ ಗಾತ್ರ ತಪ್ಪಬಾರದು. ಅಂಬಾಸಿಡರಿನ ಮೂಲ ಎಂಜಿನ್ನಿನ ನಟ್ಟುಗಳು ಅಂಗುಲದ ಅಳತೆಯವು, ಪದ್ಮಿನಿಯವು ಮಿಲಿಮೀಟರಿನವು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರ್. 13ರ ಸ್ಪಾನರು ಅದಕ್ಕೆ ಹಿಡಿದಂತೆಯೇ ಕಾಣುತ್ತದೆ; ಬಲ ಹಾಕಿದಾಗ ಜಾರಿ ಮೂಲೆಗಳನ್ನು ತರಿದುಹಾಕುತ್ತದೆ. 14.3ರಷ್ಟಿರುವ ಒಂಬತ್ತು-ಹದಿನಾರಾಂಶ ಅಂಗುಲದ ನಟ್ಟಿಗೆ 14ರದು ಹಿಡಿಸದು, 15ರದು ಸಡಿಲ. 1990ರ ದಶಕದಲ್ಲಿ ಬಂದ ಇಸುಜು ಎಂಜಿನ್ನಿನ ಅಂಬಾಸಿಡರುಗಳಿಗಾದರೋ ಎರಡು ಬಗೆಯೂ ಬೇಕಾದೀತು. ಹೊರಡುವ ಹಿಂದಿನ ದಿನ ಪ್ರತಿಯೊಂದು ಸ್ಪಾನರನ್ನೂ ಅದರ ನಟ್ಟಿಗೆ ಹಿಡಿಸಿ ನೋಡಿ, ಹೊಂದಿದ್ದನ್ನು ಮಾತ್ರ ಚೀಲಕ್ಕೆ ಹಾಕಬೇಕು. ಇದಲ್ಲದೆ ಇಕ್ಕಳ, ಎರಡು ಸ್ಕ್ರೂಡ್ರೈವರು, ಪ್ಲಗ್ ಸ್ಪಾನರು, ಕಟ್ಟುವ ತಂತಿ ಸಾಕು.

ಎಲ್ಲಕ್ಕಿಂತ ಉಪಯುಕ್ತವಾದ ಉಪಕರಣ ಅಂಗಡಿಯಲ್ಲಿ ಕೊಳ್ಳಬೇಕಾದುದಲ್ಲ. 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ಉದ್ದ ತಂತಿಗಳನ್ನು ಬೆಸೆದರೆ ಪರೀಕ್ಷಾದೀಪ ಸಿದ್ಧ. ಒಂದು ತುದಿಯನ್ನು ಕಾರಿನ ಲೋಹಕ್ಕೆ ತಾಗಿಸಿ ಇನ್ನೊಂದನ್ನು ಬ್ಯಾಟರಿಯಿಂದ ಕಾಯಿಲಿನ ಕಡೆಗೆ ಒಂದೊಂದೇ ಜೋಡಣೆಗೆ ಮುಟ್ಟಿಸುತ್ತ ಹೋದರೆ, ದೀಪ ಎಲ್ಲಿ ಆರುವುದೋ ಅದಕ್ಕೂ ಹಿಂದಿನ ಜೋಡಣೆಗೂ ನಡುವೆ ದೋಷವಿದೆ. ಫ್ಯೂಸುಗಳನ್ನು ಧಾರಾಳವಾಗಿ ಇಟ್ಟುಕೊಳ್ಳಿ. ಸುಟ್ಟ ಫ್ಯೂಸಿಗೆ ಸಿಗರೇಟು ಪೊಟ್ಟಣದ ಬೇಗಡೆಯನ್ನು ಸುತ್ತುವ ಚಾಳಿ ಹಳೆಯದು. ಹಾಗೆ ಮಾಡಿದರೆ ಮುಂದಿನ ಸಲ ಕರಗುವುದು ಬೇಗಡೆಯಲ್ಲ, ಡ್ಯಾಷ್‌ಬೋರ್ಡಿನ ಹಿಂದಿನ ತಂತಿ.

ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ನೋಡುವವರು ಹತ್ತರಲ್ಲಿ ಇಬ್ಬರೂ ಸಿಕ್ಕರು. ಜಾಕಿನ ಕೆಳಗಿಡಲು ಒಂದಡಿ ಚೌಕದ ಹಲಗೆ ಬೇಕು. ಮಳೆಯಲ್ಲಿ ನೆನೆದ ನೆಲದಲ್ಲಿ ಅದು ಭಾರವನ್ನು ಹಂಚುತ್ತದೆ. ಇಳಿಜಾರಿನಲ್ಲಿ ಚಕ್ರಗಳಿಗೆ ಆನಿಸಲು ಎರಡು ಮರದ ಬೆಣೆಗಳೂ ಬೇಕು. ಕಲ್ಲು ಹುಡುಕುತ್ತ ಕತ್ತಲೆಯಲ್ಲಿ ಅಲೆಯಬೇಕಾಗುವುದಿಲ್ಲ. ಚಕ್ರದ ನಟ್ಟುಗಳನ್ನು ಕಾರನ್ನು ಎತ್ತುವ ಮೊದಲೇ ಸಡಿಲಿಸಿಕೊಳ್ಳಬೇಕು. ನೆಲದ ಘರ್ಷಣೆ ಆಗ ಚಕ್ರವನ್ನು ಹಿಡಿದಿರುತ್ತದೆ. ನಟ್ಟು ಬಾರದಿದ್ದರೆ ಸ್ಪಾನರಿನ ಹಿಡಿಗೆ ಎರಡಡಿ ಕಬ್ಬಿಣದ ಕೊಳವೆಯನ್ನು ತೊಡಿಸಿ, ತುದಿಯಲ್ಲಿ ಒತ್ತಬೇಕು. ಎತ್ತಿದ ಕಾರಿನ ಅಡಿಗೆ ಕೈಯನ್ನಾಗಲಿ ತಲೆಯನ್ನಾಗಲಿ ಒಡ್ಡಬಾರದು. ಈ ಹಲಗೆ, ಬೆಣೆ, ಕೊಳವೆ, ಜಾಕುಗಳನ್ನು ಹಳೆಯ ಗೋಣಿಯಲ್ಲಿ ಸುತ್ತಿ, ಡಿಕ್ಕಿಯಲ್ಲಿ ಬಟ್ಟೆಬರೆಯ ಪೆಟ್ಟಿಗೆಗಳ ಕೆಳಗಲ್ಲ, ಮೇಲೆ, ಅಲುಗದಂತೆ ಕಟ್ಟಿಡಬೇಕು. ಟಾರ್ಚು ಮಾತ್ರ ಚಾಲಕನ ಕೈಗೆಟುಕುವಲ್ಲಿ.