ಗೋಡೆಯೊಳಗಿನ ಅನಿಲ

ಬಿಸಿಲು, ಮಳೆ, ಚಳಿಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಮಾನವನು ಮನೆಯನ್ನು ಕಟ್ಟಿಕೊಂಡನು. ಆದರೆ ಕೆಲವೊಮ್ಮೆ ಮನೆಯ ಗೋಡೆಯೇ ಅಪಾಯಕಾರಿ ಅನಿಲವೊಂದನ್ನು ಹೊರಸೂಸುವುದುಂಟು. ಅದೇ ರೇಡಾನ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಕಲ್ಲು ಮಣ್ಣುಗಳಲ್ಲಿ ಯುರೇನಿಯಮ್ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಅದು ಹಂತಹಂತವಾಗಿ ಕ್ಷಯಿಸಿ ರೇಡಿಯಮ್ ಆಗುತ್ತದೆ. ರೇಡಿಯಮ್ ಕ್ಷಯಿಸಿ ರೇಡಾನ್ ಆಗುತ್ತದೆ. ಅನಿಲವಾದುದರಿಂದ ರೇಡಾನ್ ಸೂಕ್ಷ್ಮ ರಂಧ್ರಗಳ ಮೂಲಕ ಕೋಣೆಯನ್ನು ಸೇರುತ್ತದೆ. ಅದರ ಅರ್ಧಭಾಗವು 3.8 ದಿನಗಳಲ್ಲಿ ಕ್ಷಯಿಸಿ ಘನರೂಪದ ವಿಕಿರಣಶೀಲ ಧಾತುಗಳಾಗಿ ಮಾರ್ಪಡುತ್ತದೆ. ಇವು ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕು, ಅಲ್ಲಿ ಅಂಟಿಕೊಂಡು ಆಲ್ಫಾ ಕಣಗಳನ್ನು ಹೊಮ್ಮಿಸುತ್ತವೆ. ಬಹುಕಾಲ ಹೀಗಾದರೆ ಶ್ವಾಸಕೋಶದ ಕ್ಯಾನ್ಸರ್ ತಲೆದೋರುವ ಸಂಭವ ಹೆಚ್ಚುತ್ತದೆ.

ಸ್ವೀಡನ್ ದೇಶದ ಅನುಭವವು ಇದಕ್ಕೆ ತಕ್ಕ ನಿದರ್ಶನವಾಗಿದೆ. ಅಲ್ಲಿ 1929ರಿಂದ ‘ನೀಲಿ ಕಾಂಕ್ರೀಟು’ ಎಂಬ ಹಗುರವಾದ ಕಟ್ಟಡಸಾಮಗ್ರಿಯನ್ನು ತಯಾರಿಸತೊಡಗಿದರು. ಚಳಿಯನ್ನು ಚೆನ್ನಾಗಿ ತಡೆಯುತ್ತಿದ್ದುದರಿಂದ ಅದು ಜನಪ್ರಿಯವಾಯಿತು. ಆದರೆ ಅದಕ್ಕೆ ಬಳಸಿದ ಆಲಮ್ ಶೇಲ್ ಎಂಬ ಪದರಗಲ್ಲಿನಲ್ಲಿ ಯುರೇನಿಯಮ್ ಅಧಿಕವಾಗಿತ್ತು. ಬೆಂಗ್ಟ್ ಹುಲ್ಟ್‌ಕ್ವಿಸ್ಟ್ ಎಂಬ ವಿಜ್ಞಾನಿ ಮನೆಗಳೊಳಗಿನ ರೇಡಾನನ್ನು ಅಳೆದು, ಫಲಿತಾಂಶವನ್ನು 1956ರಲ್ಲಿ ಪ್ರಕಟಿಸಿದರು. ಆದರೂ ನೀಲಿ ಕಾಂಕ್ರೀಟಿನ ತಯಾರಿಕೆ ನಿಂತುದು 1975ರಲ್ಲಿ. ಅಷ್ಟರಲ್ಲಿ, 1973ರ ತೈಲ ಬಿಕ್ಕಟ್ಟಿನ ತರುವಾಯ, ಇಂಧನವನ್ನು ಉಳಿಸಲೆಂದು ಜನರು ಮನೆಯ ಸಂದುಗಳನ್ನು ಮುಚ್ಚತೊಡಗಿದ್ದರು. ಹೊರಹೋಗಲು ದಾರಿ ಕಿರಿದಾದಂತೆ ರೇಡಾನ್ ಒಳಗೆ ಮತ್ತಷ್ಟು ಸಂಚಯವಾಯಿತು.

ಕಟ್ಟಡಸಾಮಗ್ರಿಯಿಂದ ಹೊಮ್ಮುವ ರೇಡಾನನ್ನು ಅಳೆಯಲು ಸರಳವಾದ ಒಂದು ವಿಧಾನವಿದೆ. ಸಾಮಗ್ರಿಯ ತುಣುಕನ್ನು ಡಬ್ಬಿಯಲ್ಲಿಟ್ಟು, ಮುಚ್ಚಳದ ಒಳಬದಿಗೆ ವಿಶೇಷ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ, ಗಾಳಿಯಾಡದಂತೆ ಸುಮಾರು ಮೂರು ತಿಂಗಳು ಮುಚ್ಚಿಡುವರು. ಆಲ್ಫಾ ಕಣಗಳು ಬಡಿದೆಡೆಯಲ್ಲಿ ಹಾಳೆಗೆ ಅತಿಸೂಕ್ಷ್ಮ ಗಾಯಗಳಾಗುತ್ತವೆ. ಅನಂತರ ಅದನ್ನು ಬಿಸಿಯಾದ ಸೋಡಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಅದ್ದಿದರೆ ಆ ಗಾಯಗಳು ಹಿಗ್ಗುತ್ತವೆ. ಅವುಗಳನ್ನು ಸೂಕ್ಷ್ಮದರ್ಶಕದ ನೆರವಿನಿಂದ ಎಣಿಸಿ, ಒಂದು ಚದರ ಮೀಟರು ಮೇಲ್ಮೈಯಿಂದ ಗಂಟೆಗೆ ಎಷ್ಟು ರೇಡಾನ್ ಹೊರಬೀಳುವುದೆಂದು ಲೆಕ್ಕಹಾಕುವರು.

ಇಂಥದೇ ಹಾಳೆಯನ್ನು ಕೋಣೆಯಲ್ಲಿ ತೂಗುಹಾಕಿ ಅಲ್ಲಿನ ಗಾಳಿಯಲ್ಲಿರುವ ರೇಡಾನನ್ನೂ ಅಳೆಯಬಹುದು. ಇದರ ಮಾನವನ್ನು ಬೆಕೆರೆಲ್ ಎನ್ನುವರು. ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕೆರೆಲ್. ಮನೆಯ ಗಾಳಿಯ ಒಂದು ಘನಮೀಟರಿನಲ್ಲಿ ರೇಡಾನ್ ಸಾಧ್ಯವಾದಷ್ಟು ಮಟ್ಟಿಗೆ 100 ಬೆಕೆರೆಲ್‌ಗಳನ್ನು ಮೀರದಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಸಲಹೆ ನೀಡಿತು.

ರೇಡಾನ್ ಗೋಡೆಯಿಂದ ಮಾತ್ರವಲ್ಲದೆ ಅಡಿಪಾಯದ ಕೆಳಗಿನ ನೆಲದಿಂದಲೂ ಬರುತ್ತದೆ. ಅನೇಕ ಮನೆಗಳಲ್ಲಿ ನೆಲವೇ ಅದರ ಮುಖ್ಯ ಮೂಲ. ಕರ್ನಾಟಕದಲ್ಲಿ ಹೇರಳವಾಗಿ ದೊರೆಯುವ ಗ್ರಾನೈಟಿನಲ್ಲಿಯೂ ಯುರೇನಿಯಮಿನ ಅಂಶವಿರುತ್ತದೆ. ಆದರೆ ಅದರಿಂದ ಹೊಮ್ಮುವ ರೇಡಾನ್ ಎಲ್ಲ ಕಲ್ಲುಗಳಲ್ಲಿಯೂ ಒಂದೇ ಸಮನಲ್ಲ. ಆದುದರಿಂದ ಕಲ್ಲಿನ ಹೆಸರು ಕೇಳಿ ಅಂಜಬೇಕಾಗಿಲ್ಲ, ಅಳೆದು ತಿಳಿಯಬೇಕು. ಗಾಳಿ ಧಾರಾಳವಾಗಿ ಸಂಚರಿಸುವಂತೆ ಕಿಟಕಿಗಳನ್ನು ತೆರೆದಿಡುವುದು ರೇಡಾನನ್ನು ತಗ್ಗಿಸುವ ಸುಲಭೋಪಾಯ. ಕಣ್ಣು ಮೂಗುಗಳು ಅರಿಯಲಾರದ ಅಪಾಯವನ್ನು ತಾಳ್ಮೆಯ ಅಳತೆಯು ತಿಳಿಸಿಕೊಡುತ್ತದೆ. ಅದನ್ನು ಸಕಾಲದಲ್ಲಿ ಲಕ್ಷಿಸುವುದು ಮಾನವನ ಹೊಣೆ.