ಕಾವೇರಿ ದಡದ ಸ್ವಿಸ್ ಗೋರಿಗಳು

ಶ್ರೀರಂಗಪಟ್ಟಣದ ಮಣ್ಣಿನಲ್ಲಿ ಸ್ವಿಸ್ ಸೈನಿಕರು ಮಲಗಿರುವುದಕ್ಕೆ ಒಂದು ಚೀಸ್ ಉಂಡೆಯೂ ಕಾರಣ.

1795ರಲ್ಲಿ ಹಾಲೆಂಡ್ ಫ್ರೆಂಚರ ವಶವಾಯಿತು. ಆಗ ಸಿಲೋನಿನಲ್ಲಿ ಡಚ್ಚರ ಕೋಟೆ ಕಾಯುತ್ತಿದ್ದದ್ದು ನ್ಯೂಶಟೆಲ್‌ನ ಕೌಂಟ್ ಶಾರ್ಲ್ ಡೇನಿಯಲ್ ಡಿ ಮ್ಯೂರಾನ್ 1781ರಲ್ಲಿ ಕಟ್ಟಿದ್ದ ಸಂಬಳದ ಸ್ವಿಸ್ ಪಡೆ. ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್ಲೆಂಡಿನ ಪ್ರೊಫೆಸರ್ ಬ್ರಿಟಿಷರ ಪರವಾಗಿ ನೇರ ನ್ಯೂಶಟೆಲ್‌ಗೇ ಹೋಗಿ ಕೌಂಟನನ್ನು ಒಲಿಸಿಕೊಂಡ. ಪಡೆ ಬ್ರಿಟಿಷರ ಕಡೆಗೆ ಬರುವುದೆಂದು ವ್ಯವಹಾರ ಕುದುರಿತು. ಆದರೆ ಕೊಲಂಬೊದಲ್ಲಿ ಪಡೆಯ ಜೊತೆಗಿದ್ದ ಕೌಂಟನ ತಮ್ಮ ಪಿಯರ್ ಫ್ರೆಡೆರಿಕ್‌ಗೆ ಸುದ್ದಿ ಮುಟ್ಟಬೇಕಲ್ಲ? ಕಾಗದ ಡಚ್ಚರ ಕೈಗೆ ಸಿಕ್ಕರೆ ಕೆಟ್ಟಿತು. ಅದನ್ನು ಚೀಸಿನ ಹೊಟ್ಟೆಯೊಳಗೆ ಸೇರಿಸಿ ದಾಟಿಸಿದರಂತೆ. ಅದೂ ಡಚ್ ಚೀಸು! ನನ್ನನ್ನು ಈ ಸ್ಮಶಾನದವರೆಗೆ ಎಳೆದು ತಂದದ್ದು ಗೋರಿಗಳಲ್ಲ, ಆ ಚೀಸೇ.

1796ರಲ್ಲಿ ಕೊಲಂಬೊ ಬ್ರಿಟಿಷರದಾಯಿತು. ಮೂರು ವರ್ಷ ಕಳೆದು, 1799ರ ಮೇ 4ರಂದು, ಟಿಪ್ಪುವಿನ ಕೋಟೆಗೆ ಮುತ್ತಿದ ಸೇನೆಯಲ್ಲಿ ಈ ಸ್ವಿಸ್ಸರೂ ಇದ್ದರು.

ಗ್ಯಾರಿಸನ್ ಸ್ಮಶಾನ ಎಂದು ಕರೆಯುವ ಈ ಜಾಗ ಬೆಂಗಳೂರು–ಮೈಸೂರು ಹಳೇ ಹೆದ್ದಾರಿಯಿಂದ ಕೂಗಳತೆ ದೂರ. ಸುಮಾರು 300 ಗೋರಿಗಳಿವೆ. 80ರಷ್ಟು ಡಿ ಮ್ಯೂರಾನ್ ಪಡೆಯವು ಎನ್ನುತ್ತಾರೆ. ಉಳಿದೆಡೆ ಬೇರೆ ಸೈನಿಕರು, ಹೆಂಡಿರು, ಮಕ್ಕಳು. ಕೋಟೆಯ ಗುಂಡಿಗೆ ಬಿದ್ದವರಷ್ಟೇ ಅಲ್ಲ, ಪಟ್ಟಣದ ಜ್ವರಕ್ಕೆ ಬಲಿಯಾದವರೂ ಇಲ್ಲಿದ್ದಾರೆ. ಆ ಜ್ವರ ತಾಳಲಾರದೇ ಬ್ರಿಟಿಷ್ ಸೇನೆ 1809ರಲ್ಲಿ ಬೆಂಗಳೂರಿನ ದಂಡಿಗೆ ಗಂಟುಮೂಟೆ ಕಟ್ಟಿತು. ಬರಬರುತ್ತಾ ಇಲ್ಲಿ ಹೇಳುವವರು ಕೇಳುವವರು ಇಲ್ಲದೆ ಗಿಡಗಂಟಿ ಬೆಳೆಯಿತು.

ನಮ್ಮವರಿಗೆ ಈ ಗೋರಿಗಳ ಮೇಲೆ ಅಕ್ಕರೆ ಹುಟ್ಟದಿದ್ದರೆ ತಪ್ಪೆನ್ನಲಾರೆ. ಆ ಮೇ 4ರಂದು ಕೋಟೆಯಲ್ಲಿ ಸತ್ತ ಟಿಪ್ಪುವಿನ ಸಿಪಾಯಿಗಳಲ್ಲಿ ಹೆಚ್ಚಿನವರಿಗೆ ಹೆಸರು ಕೆತ್ತಿದ ಕಲ್ಲೇ ಇಲ್ಲ. ಹಾಗಿರುವಾಗ ಸಂಬಳಕ್ಕೆ ಬಂದ ಪರದೇಶಿಗಳ ಗೋರಿಗೆ ಸುಣ್ಣ ಬಳಿಯುವವರು ಯಾರು? 2007–08ರ ಹೊತ್ತಿಗೆ ಡಿ ಮ್ಯೂರಾನ್ ವಂಶದವರೇ ಮುಂದೆ ನಿಂತು ಇದನ್ನು ದುರಸ್ತಿ ಮಾಡಿಸಿದರು. ಇನ್ನೂರು ವರ್ಷದ ಹಿಂದಿನ ಸಿಪಾಯಿಗಳ ಋಣವನ್ನು ನೆನಪಿಟ್ಟುಕೊಂಡ ಮನೆತನ!

ಇಂಥ ಕೆಲಸಕ್ಕೆ ದುಡ್ಡಿಗಿಂತ ತಾಳ್ಮೆ ಹೆಚ್ಚು ಬೇಕು. ಹಳೇ ಇಟ್ಟಿಗೆ–ಗಾರೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣವನ್ನು ನೀರಿನಲ್ಲಿ ಅರಳಿಸಿ, ದಿನಗಟ್ಟಲೆ ಕೊಳೆಹಾಕಿ, ಮರಳು ಬೆರೆಸಿ ಅರೆಯಬೇಕು. ಹಳೇ ಕಾಲದ ಗಾರೆ ಕೆಲಸದವರು ಬೆಲ್ಲದ ನೀರನ್ನೂ ಅಳಲೆಕಾಯಿ ನೆನೆಸಿದ ನೀರನ್ನೂ ಸೇರಿಸುತ್ತಿದ್ದರು. ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಯದು ಇನ್ನೊಂದು ಕಾಟ. ಎಳೆದು ಕಿತ್ತರೆ ಅರ್ಧ ಗೋರಿಯೇ ಕೈಗೆ ಬರುತ್ತದೆ. ಬುಡ ಕತ್ತರಿಸಿ, ಬೇರು ಸಾಯಿಸಿ, ಆಮೇಲೆ ಗಾರೆ ತುಂಬಬೇಕು. ಒಂದು ಎಳೆ ಬೇರು ಉಳಿದರೂ ಮಳೆಗಾಲಕ್ಕೆ ಮತ್ತೆ ಚಿಗುರು.

ಡಿ ಮ್ಯೂರಾನ್ ಪಡೆ 1806ರಲ್ಲಿ ಇಂಡಿಯಾ ಬಿಟ್ಟಿತು. ಮಾಲ್ಟಾ ಸುತ್ತಿ, 1813ರಲ್ಲಿ ಕೆನಡಾ ಸೇರಿ, 1816ರಲ್ಲಿ ವಿಸರ್ಜನೆಯಾಯಿತು. ಬಿಡುಗಡೆಯಾದವರಲ್ಲಿ ಕೆಲವರು ಅಲ್ಲಿ ವಸಾಹತು ಕಟ್ಟುತ್ತಿದ್ದ ಲಾರ್ಡ್ ಸೆಲ್ಕರ್ಕ್‌ನ ಹಿಂದೆ ಹೋಗಿ, ಈಗಿನ ವಿನಿಪೆಗ್ ಇರುವ ರೆಡ್ ನದಿಯ ಸೀಮೆಯಲ್ಲಿ ನೆಲೆ ನಿಂತರು. ಅವರ ಜೊತೆಗಾರರು ಇಲ್ಲೇ ಉಳಿದರು.

ಪ್ರವಾಸಿ ಬಸ್ಸುಗಳು ದರಿಯಾ ದೌಲತ್, ಗುಂಬಜ್, ರಂಗನಾಥ ದೇವಸ್ಥಾನ, ಸಂಗಮ ಮುಗಿಸಿ ಮೈಸೂರಿನ ದಾರಿ ಹಿಡಿಯುತ್ತವೆ. ಇಲ್ಲಿಗೆ ಬರಲು ಅವಕ್ಕೆ ಹೆಚ್ಚೆಂದರೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವೇ ಒದಗುತ್ತಿಲ್ಲ.